ಬೈಬಲ್ ವ್ಯಾಖ್ಯಾನ

ಕ್ರೈಸ್ತರ ಧರ್ಮಗ್ರಂಥವಾದ ಬೈಬಲನ್ನು ಓದಿ ಅರ್ಥಮಾಡಿಕೊಳ್ಳುವ, ಆ ಅರ್ಥವನ್ನು ಇತರರಿಗೆ ಬಿಡಿಸಿ ಹೇಳುವ, ಬಾಳಿಗೆ ಅನ್ವಯಿಸಿಕೊಳ್ಳುವ ಕ್ರಮಕ್ಕೆ ಬೈಬಲ್ ವ್ಯಾಖ್ಯಾನವೆಂದು ಹೆಸರು. ಆ ಕ್ರಮದ ಸರಿತಪ್ಪುಗಳನ್ನು ವಿಚಾರಿಸುವ ಶಾಸ್ತ್ರವೂ ಇದರಲ್ಲೇ ಸೇರುತ್ತದೆ. ಬೈಬಲ್ ಒಂದೇ ರಟ್ಟಿನೊಳಗೆ ಕಟ್ಟಿದ ಗ್ರಂಥಗಳ ಸಮೂಹ. ಪ್ರಾಟೆಸ್ಟೆಂಟರ ಎಣಿಕೆಯಲ್ಲಿ 66, ಕ್ಯಾಥೊಲಿಕರ ಎಣಿಕೆಯಲ್ಲಿ 73 ಗ್ರಂಥಗಳಿವೆ. ಇಥಿಯೋಪಿಯದ ಆರ್ಥಡಾಕ್ಸ್ ಸಭೆ 81 ಎಂದು ಎಣಿಸುತ್ತದೆ. ಇವು ಹೀಬ್ರೂ, ಅರಾಮಿಕ್ ಮತ್ತು ಗ್ರೀಕ್ ಭಾಷೆಗಳಲ್ಲಿ ಹಲವು ಶತಮಾನಗಳ ಅವಧಿಯಲ್ಲಿ ರೂಪುಗೊಂಡವು. ಕಾನೂನು, ವಂಶಾವಳಿ, ಯುದ್ಧದ ಕಥೆ, ಪ್ರೇಮಗೀತೆ, ಗಾದೆ, ಗೋಳಾಟ, ಪ್ರವಾದಿಗಳ ಎಚ್ಚರಿಕೆ, ಸಾಮತಿ (ದೃಷ್ಟಾಂತಕಥೆ), ಪತ್ರ, ದರ್ಶನ ಎಲ್ಲವೂ ಇದರಲ್ಲಿವೆ.

ವ್ಯಾಖ್ಯಾನವೇ ಬೇಡ, ಬರೆದದ್ದನ್ನು ಬರೆದಂತೆ ಪಾಲಿಸಿದರೆ ಸಾಕು ಎನ್ನುವವರು ಎಲ್ಲ ಕಾಲದಲ್ಲೂ ಇದ್ದಾರೆ. ಯಾಜಕಕಾಂಡದ 11ನೆಯ ಅಧ್ಯಾಯ ಹಂದಿಮಾಂಸವನ್ನು ನಿಷೇಧಿಸುತ್ತದೆ. ಬಹುಪಾಲು ಕ್ರೈಸ್ತರು ಅದನ್ನು ಪಾಲಿಸುವುದಿಲ್ಲ. ಅದೇ ಗ್ರಂಥದ 19ನೆಯ ಅಧ್ಯಾಯ ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂದು ಹೇಳುತ್ತದೆ. ಅದನ್ನು ಬಿಟ್ಟುಕೊಡಲು ಯಾವ ಕ್ರೈಸ್ತನೂ ಒಪ್ಪುವುದಿಲ್ಲ. ಒಂದು ಆಜ್ಞೆ ಮುಗಿದ ಕಾಲದ್ದು, ಇನ್ನೊಂದು ಎಂದೆಂದಿಗೂ ಸಲ್ಲುವಂಥದ್ದು ಎಂದು ತೀರ್ಮಾನಿಸಿದ ಕ್ಷಣದಲ್ಲೇ ವ್ಯಾಖ್ಯಾನ ನಡೆದುಹೋಗಿದೆ. ಆದುದರಿಂದ ವ್ಯಾಖ್ಯಾನ ಬೇಕೋ ಬೇಡವೋ ಎಂಬ ಚರ್ಚೆಗೆ ಅರ್ಥವಿಲ್ಲ. ಅದನ್ನು ಯಾವ ಅಳತೆಗೋಲಿನಿಂದ ಮಾಡುತ್ತೇವೆ, ಅದರ ಫಲ ಯಾರ ಮೇಲೆ ಬೀಳುತ್ತದೆ ಎಂಬುದೇ ಮುಖ್ಯ.

ಆದಿ ಸಭೆಯ ಓದು

ಮೊದಲ ಕ್ರೈಸ್ತರ ಕೈಯಲ್ಲಿದ್ದ ಧರ್ಮಗ್ರಂಥ ಯೆಹೂದ್ಯರ ಗ್ರಂಥವೇ, ಅಂದರೆ ಕ್ರೈಸ್ತರು ಹಳೆಯ ಒಡಂಬಡಿಕೆ ಎಂದು ಕರೆಯುವ ಭಾಗ. ಅದನ್ನು ಅವರು ಹೆಚ್ಚಾಗಿ ಓದಿದ್ದು ಗ್ರೀಕ್ ಅನುವಾದವಾದ ಸೆಪ್ಟುವಜಿಂಟಿನಲ್ಲಿ. ಆ ಗ್ರಂಥವನ್ನು ಯೇಸುವಿನ ಮರಣ ಮತ್ತು ಪುನರುತ್ಥಾನದ ಬೆಳಕಿನಲ್ಲಿ ಓದುವುದು ಅವರ ಮೊದಲ ವ್ಯಾಖ್ಯಾನ ಸೂತ್ರ. ಲೂಕನ ಸುವಾರ್ತೆಯ ಕೊನೆಯಲ್ಲಿ ಎಮ್ಮಾಹು ಊರಿನ ದಾರಿಯಲ್ಲಿ ಇಬ್ಬರು ಶಿಷ್ಯರಿಗೆ ಯೇಸುವೇ ಗ್ರಂಥವನ್ನು ವಿವರಿಸುತ್ತಾನೆ. ಅಪೊಸ್ತಲರ ಕೃತ್ಯಗಳ 8ನೆಯ ಅಧ್ಯಾಯದಲ್ಲಿ ಇಥಿಯೋಪಿಯದ ಅಧಿಕಾರಿಯೊಬ್ಬ ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಓದುತ್ತಿರುತ್ತಾನೆ. ಓದಿದ್ದು ತಿಳಿಯುತ್ತಿದೆಯೇ ಎಂದು ಫಿಲಿಪ್ಪ ಕೇಳಿದಾಗ, ತೋರಿಸಿಕೊಡುವವರಿಲ್ಲದೆ ಹೇಗೆ ತಿಳಿಯಬೇಕು ಎಂದು ಆತ ಮರುಪ್ರಶ್ನೆ ಹಾಕುತ್ತಾನೆ. ಬೈಬಲನ್ನು ಒಬ್ಬನೇ ಕುಳಿತು ಓದಿ ಮುಗಿಸಲಾಗದು, ಅದಕ್ಕೆ ಜೊತೆ ಬೇಕು ಎಂಬ ತಿಳಿವಳಿಕೆ ಹೀಗೆ ಬೈಬಲಿನೊಳಗೇ ಇದೆ.

ಎರಡನೆಯ ಶತಮಾನದಲ್ಲಿ ಮಾರ್ಸಿಯನ್ ಎಂಬಾತ ಹಳೆಯ ಒಡಂಬಡಿಕೆಯ ದೇವರು ಬೇರೆ, ಯೇಸು ತೋರಿಸಿದ ತಂದೆ ಬೇರೆ ಎಂದು ವಾದಿಸಿ ಯೆಹೂದ್ಯ ಗ್ರಂಥಗಳನ್ನೆಲ್ಲ ತಳ್ಳಿಹಾಕಿದ. ಸುಮಾರು 144ರಲ್ಲಿ ರೋಮಿನ ಸಭೆ ಅವನನ್ನು ಹೊರಗಿಟ್ಟಿತು. ಲಿಯೋನಿನ ಬಿಷಪ್ ಐರೇನಿಯಸ್ ಸುಮಾರು 180ರಲ್ಲಿ ಬರೆದ ಕೃತಿಯಲ್ಲಿ, ಅಪೊಸ್ತಲರಿಂದ ಬಂದ ವಿಶ್ವಾಸದ ನಿಯಮವನ್ನು ಬಿಟ್ಟು ವಾಕ್ಯಗಳನ್ನು ಬಿಡಿಬಿಡಿಯಾಗಿ ಕಿತ್ತು ಜೋಡಿಸಿದರೆ ಗ್ರಂಥದಿಂದ ಏನನ್ನು ಬೇಕಾದರೂ ಹೇಳಿಸಬಹುದು ಎಂದು ಎಚ್ಚರಿಸಿದ. ಈ ಎಚ್ಚರಿಕೆಗೆ ಇಂದಿಗೂ ಮುಪ್ಪು ಬಂದಿಲ್ಲ.

ಒಂದು ಸಾಮತಿ, ಹಲವು ಓದು

ವ್ಯಾಖ್ಯಾನದ ಇತಿಹಾಸವನ್ನು ತಿಳಿಯಲು ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿರುವ ಒಳ್ಳೆಯ ಸಮಾರ್ಯದವನ ಸಾಮತಿಯೊಂದನ್ನು ಹಿಡಿದು ಹೊರಟರೆ ಸಾಕು. ಯೆರೂಸಲೇಮಿನಿಂದ ಯೆರಿಕೋವಿಗೆ ಇಳಿದು ಹೋಗುತ್ತಿದ್ದ ಒಬ್ಬನನ್ನು ಕಳ್ಳರು ದೋಚಿ, ಹೊಡೆದು, ಅರೆಜೀವ ಮಾಡಿ ಹೋಗುತ್ತಾರೆ. ಯಾಜಕನೊಬ್ಬ, ಆಮೇಲೆ ದೇವಾಲಯದ ಸೇವಕನಾದ ಲೇವಿಯನೊಬ್ಬ ನೋಡಿಯೂ ಆಚೆ ಬದಿಯಿಂದ ಸಾಗುತ್ತಾರೆ. ಸಮಾರ್ಯದವನೊಬ್ಬ ಗಾಯಗಳಿಗೆ ಎಣ್ಣೆ ಮತ್ತು ದ್ರಾಕ್ಷಾರಸ ಹೊಯ್ದು ಕಟ್ಟಿ, ತನ್ನ ಪಶುವಿನ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆದೊಯ್ದು, ಛತ್ರದವನಿಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು ನೋಡಿಕೊಳ್ಳಲು ಹೇಳುತ್ತಾನೆ.

ಮೂರನೆಯ ಶತಮಾನದ ಓರಿಜೆನ್ ತನಗೆ ಹಿರಿಯರೊಬ್ಬರಿಂದ ಬಂದ ವಿವರಣೆಯೆಂದು ಇದನ್ನು ಹೀಗೆ ಬಿಡಿಸುತ್ತಾನೆ: ದಾರಿಹೋಕ ಆದಾಮ; ಯೆರೂಸಲೇಮು ಪರದೈಸು; ಯೆರಿಕೋ ಈ ಲೋಕ; ಕಳ್ಳರು ವೈರಿಶಕ್ತಿಗಳು; ಯಾಜಕ ಧರ್ಮಶಾಸ್ತ್ರ, ಲೇವಿಯ ಪ್ರವಾದಿಗಳು; ಸಮಾರ್ಯದವನು ಕ್ರಿಸ್ತ; ಛತ್ರವೇ ಸಭೆ. ಆಗಸ್ಟೀನ್ ಇದನ್ನು ಇನ್ನಷ್ಟು ವಿಸ್ತರಿಸಿ ಛತ್ರದವನನ್ನು ಪೌಲನೆಂದು ಗುರುತಿಸಿದ. ಇಂದಿನ ಓದುಗನಿಗೆ ಇದು ಬಲವಂತದ ಜೋಡಣೆ ಎನಿಸಬಹುದು. ಆದರೆ ಅವರ ನಂಬಿಕೆ ಗಟ್ಟಿಯಾದದ್ದು: ಇಡೀ ಗ್ರಂಥ ಒಬ್ಬ ದೇವರ ಮಾತು, ಅದರ ಪ್ರತಿ ಪುಟವೂ ರಕ್ಷಣೆಯ ಕಥೆಯನ್ನೇ ಹೇಳುತ್ತದೆ. ಬಿದ್ದವನ ಜಾಗದಲ್ಲಿ ತನ್ನನ್ನೇ ಕಂಡುಕೊಂಡು, ಎತ್ತಿದವನಲ್ಲಿ ಕ್ರಿಸ್ತನನ್ನು ಕಾಣುವ ಈ ಓದಿನಲ್ಲಿ ಭಕ್ತಿಯ ಬಲವಿದೆ. ಆದರೆ ನೆರೆಯವನು ಯಾರು ಎಂಬ ಮೂಲ ಪ್ರಶ್ನೆ ಇದರಲ್ಲಿ ಹಿಂದೆ ಸರಿದುಬಿಡುತ್ತದೆ. ರಸ್ತೆಯ ಮೇಲೆ ರಕ್ತ ಸುರಿಸುತ್ತ ಬಿದ್ದ ಮನುಷ್ಯ ಕಣ್ಮರೆಯಾಗುತ್ತಾನೆ.

ಅಲೆಕ್ಸಾಂಡ್ರಿಯದಲ್ಲಿ ಬೆಳೆದ ಓರಿಜೆನ್ ಗ್ರಂಥಕ್ಕೂ ಮನುಷ್ಯನಿಗಿರುವಂತೆ ದೇಹ, ಪ್ರಾಣ, ಆತ್ಮಗಳಿವೆ ಎಂದ. ಅಕ್ಷರಾರ್ಥ ಅದರ ದೇಹ. ಸಿರಿಯದ ಅಂತಿಯೋಕ್ಯದ ಪಂಡಿತರು ಇದಕ್ಕೆ ಒಪ್ಪಲಿಲ್ಲ. ತಾರ್ಸದ ದಿಯೊದೋರ, ಮೊಪ್ಸುಯೆಸ್ತಿಯದ ಥಿಯೊದೋರ, ಜಾನ್ ಕ್ರಿಸೊಸ್ಟೊಮ್ ಮೊದಲಾದವರು ಚರಿತ್ರೆಯನ್ನೂ ವಾಕ್ಯದ ಸಂದರ್ಭವನ್ನೂ ಬಿಡಬಾರದು, ಆಳದ ಅರ್ಥವಿದ್ದರೆ ಅದು ಚರಿತ್ರೆಯ ಮೇಲೆಯೇ ನಿಲ್ಲಬೇಕು ಎಂದು ಹಟ ಹಿಡಿದರು. ಎರಡು ಪಂಥಗಳ ನಡುವಿನ ಅಂತರವನ್ನು ಹಳೆಯ ಪಠ್ಯಪುಸ್ತಕಗಳು ಸ್ವಲ್ಪ ಹೆಚ್ಚಾಗಿಯೇ ಎಳೆದಿವೆ. ಪೌಲನೇ ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಹಾಗರಳನ್ನೂ ಸಾರಳನ್ನೂ ಎರಡು ಒಡಂಬಡಿಕೆಗಳ ರೂಪಕವಾಗಿ ಓದಿರುವಾಗ, ರೂಪಕವನ್ನು ಪೂರ್ತಿ ತಳ್ಳಿಹಾಕುವುದು ಅಂತಿಯೋಕ್ಯದವರಿಗೂ ಸಾಧ್ಯವಿರಲಿಲ್ಲ.

ಉತ್ತರ ಆಫ್ರಿಕದ ಹಿಪ್ಪೊ ನಗರದ ಬಿಷಪ್ ಆಗಸ್ಟೀನ್ (354–430) ಬರೆದ ಕ್ರೈಸ್ತ ಬೋಧನೆಯನ್ನು ಕುರಿತ ಗ್ರಂಥ ಈ ಶಾಸ್ತ್ರದ ಮೊದಲ ದೊಡ್ಡ ಕೈಪಿಡಿ. ಭಾಷೆಗಳನ್ನು ಕಲಿಯಬೇಕು, ಅಸ್ಪಷ್ಟ ವಾಕ್ಯವನ್ನು ಸ್ಪಷ್ಟ ವಾಕ್ಯದ ನೆರವಿನಿಂದ ಬಿಡಿಸಬೇಕು, ಚರಿತ್ರೆ, ಸಂಖ್ಯಾಶಾಸ್ತ್ರ, ಪ್ರಾಣಿ ಮತ್ತು ಸಸ್ಯಗಳ ತಿಳಿವಳಿಕೆಯನ್ನೂ ಬಳಸಬೇಕು ಎಂಬುದು ಅವನ ಸಲಹೆ. ಎಲ್ಲಕ್ಕಿಂತ ಮೇಲೆ ಅವನು ಒಂದು ಪರೀಕ್ಷೆಯನ್ನಿಟ್ಟ: ಯಾವ ವ್ಯಾಖ್ಯಾನದಿಂದ ದೇವರ ಮೇಲಿನ ಮತ್ತು ನೆರೆಯವನ ಮೇಲಿನ ಪ್ರೀತಿ ಬೆಳೆಯುವುದಿಲ್ಲವೋ ಆ ವ್ಯಾಖ್ಯಾನಕಾರ ಗ್ರಂಥವನ್ನು ಇನ್ನೂ ಅರ್ಥಮಾಡಿಕೊಂಡಿಲ್ಲ. ಕ್ರೈಸ್ತ ವ್ಯಾಖ್ಯಾನ ಪರಂಪರೆ ಕಂಡುಕೊಂಡ ಸೂತ್ರಗಳಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಇನ್ನೊಂದಿಲ್ಲ. ಇದನ್ನು ಮರೆತಾಗ ಸಭೆ ಎಷ್ಟು ಕೆಟ್ಟ ದಾರಿ ಹಿಡಿಯಬಹುದೆಂಬುದಕ್ಕೆ ಚರಿತ್ರೆಯಲ್ಲಿ ಸಾಕ್ಷಿಗಳಿವೆ.

ಮಧ್ಯಯುಗದಲ್ಲಿ ನಾಲ್ಕು ಅರ್ಥಗಳ ಪದ್ಧತಿ ರೂಢಿಗೆ ಬಂತು. ಸನ್ಯಾಸಿ ಜಾನ್ ಕ್ಯಾಸಿಯನ್ ಕೊಟ್ಟ ಉದಾಹರಣೆ ಪ್ರಸಿದ್ಧ: ಯೆರೂಸಲೇಮು ಚರಿತ್ರೆಯ ದೃಷ್ಟಿಯಿಂದ ಯೆಹೂದ್ಯರ ನಗರ, ರೂಪಕವಾಗಿ ಕ್ರಿಸ್ತನ ಸಭೆ, ನೀತಿಯ ದೃಷ್ಟಿಯಿಂದ ಮನುಷ್ಯನ ಆತ್ಮ, ಅಂತ್ಯದ ದೃಷ್ಟಿಯಿಂದ ಸ್ವರ್ಗದ ನಗರ. 13ನೆಯ ಶತಮಾನದ ಥಾಮಸ್ ಅಕ್ವಿನಾಸ್, ಉಳಿದ ಅರ್ಥಗಳೆಲ್ಲ ಅಕ್ಷರಾರ್ಥದ ಮೇಲೆ ನಿಂತಿವೆ, ವಾದಕ್ಕೆ ಆಧಾರವಾಗಬಲ್ಲದ್ದು ಅದೊಂದೇ ಎಂದು ಕಟ್ಟು ಹಾಕಿದ. ಲೀರದ ನಿಕೊಲಾಸ್ ಯೆಹೂದ್ಯ ಭಾಷ್ಯಕಾರ ರಾಶಿಯ ಬರಹಗಳಿಂದ ಧಾರಾಳವಾಗಿ ಕಲಿತ. ಮಠಗಳಲ್ಲಿ ಇನ್ನೊಂದು ಬಗೆಯ ಓದು ನಡೆದಿತ್ತು. 12ನೆಯ ಶತಮಾನದ ಎರಡನೆಯ ಗೀಗೊ ಅದನ್ನು ಓದು, ಮನನ, ಪ್ರಾರ್ಥನೆ, ಧ್ಯಾನ ಎಂಬ ನಾಲ್ಕು ಮೆಟ್ಟಿಲುಗಳಾಗಿ ವರ್ಣಿಸಿದ. ಇಂದು ಕರ್ನಾಟಕದ ಕ್ಯಾಥೊಲಿಕ್ ಧ್ಯಾನಕೂಟಗಳಲ್ಲಿ ಒಂದೇ ವಾಕ್ಯವನ್ನು ನಿಧಾನವಾಗಿ ಮತ್ತೆ ಮತ್ತೆ ಓದಿ ಮೌನವಾಗಿ ಕೂರುವ ಕ್ರಮ ಈ ಪರಂಪರೆಯದೇ.

ಸುಧಾರಣೆಯ ಕಾಲ

1516ರಲ್ಲಿ ಎರಾಸ್ಮಸ್ ಗ್ರೀಕ್ ಹೊಸ ಒಡಂಬಡಿಕೆಯನ್ನು ಅಚ್ಚು ಹಾಕಿಸಿದ. ಅದರ ನೆರವಿನಿಂದ ಜರ್ಮನಿಯ ಸುಧಾರಕ ಮಾರ್ಟಿನ್ ಲೂಥರ್ ವಾರ್ಟ್‌ಬರ್ಗ್ ಕೋಟೆಯಲ್ಲಿ ಅಡಗಿದ್ದಾಗ ಮಾಡಿದ ಹೊಸ ಒಡಂಬಡಿಕೆಯ ಜರ್ಮನ್ ಅನುವಾದ 1522ರಲ್ಲೂ, ಇಡೀ ಬೈಬಲ್ 1534ರಲ್ಲೂ ಹೊರಬಂದವು. ಅಂತಿಮ ಅಧಿಕಾರ ಗ್ರಂಥಕ್ಕೇ, ಗ್ರಂಥವೇ ಗ್ರಂಥಕ್ಕೆ ಭಾಷ್ಯ ಎಂಬುದು ಸುಧಾರಕರ ಘೋಷಣೆ. ಸಮಾರ್ಯದವನ ಸಾಮತಿಯ ಹಳೆಯ ರೂಪಕಾರ್ಥವನ್ನು ಕ್ಯಾಲ್ವಿನ್ ನೇರವಾಗಿ ನಿರಾಕರಿಸಿ, ಯೇಸು ಹೇಳಿದ್ದು ನೆರೆಯವನ ಪ್ರೀತಿಯ ಬಗ್ಗೆ ಎಂದ. ಲೂಥರ್ ಮಾತ್ರ ತನ್ನ ಪ್ರಸಂಗಗಳಲ್ಲಿ ಸಮಾರ್ಯದವನಲ್ಲಿ ಕ್ರಿಸ್ತನನ್ನು ಕಾಣುವುದನ್ನು ಬಿಡಲಿಲ್ಲ.

ಗ್ರಂಥ ಎಲ್ಲರ ಕೈಗೆ ಬಂದಾಗ ಒಮ್ಮತವೂ ಬರುತ್ತದೆ ಎಂಬ ಆಸೆ ಬೇಗನೆ ಮುರಿಯಿತು. 1529ರಲ್ಲಿ ಮಾರ್ಬರ್ಗಿನಲ್ಲಿ ಲೂಥರ್ ಮತ್ತು ಸ್ವಿಟ್ಜರ್ಲೆಂಡಿನ ಸುಧಾರಕ ಜ್ವಿಂಗ್ಲಿ ಎದುರುಬದುರು ಕುಳಿತರು. ಕಡೆಯ ಭೋಜನದಲ್ಲಿ ರೊಟ್ಟಿಯನ್ನು ಯೇಸು ತನ್ನ ದೇಹವೆಂದು ಕರೆದದ್ದು ನಿಜಾರ್ಥದಲ್ಲೋ ಸಂಕೇತಾರ್ಥದಲ್ಲೋ ಎಂಬ ಒಂದೇ ಪ್ರಶ್ನೆಯಲ್ಲಿ ಅವರು ಬೇರೆಯಾದರು. ಇತ್ತ 1546ರಲ್ಲಿ ಟ್ರೆಂಟ್ ಮಹಾಸಭೆ ಗ್ರಂಥದ ಜೊತೆಗೆ ಅಪೊಸ್ತಲಿಕ ಪರಂಪರೆಯನ್ನೂ ಎತ್ತಿಹಿಡಿದು, ಅರ್ಥ ನಿರ್ಣಯದ ಹಕ್ಕು ಸಭೆಯದೆಂದು ಸಾರಿತು. ಪೂರ್ವದ ಆರ್ಥಡಾಕ್ಸ್ ಸಭೆಗಳು ಈ ಜಗಳದಿಂದ ಹೊರಗಿದ್ದವು; ಅವರಿಗೆ ಗ್ರಂಥದ ಅರ್ಥ ತೆರೆಯುವುದು ಆರಾಧನೆಯಲ್ಲಿ, ಪಿತೃಗಳ ಬರಹಗಳಲ್ಲಿ, ಪ್ರತಿಮಾಚಿತ್ರಗಳ ಮುಂದೆ.

ಚಾರಿತ್ರಿಕ ವಿಮರ್ಶೆ

ಇತರ ಪ್ರಾಚೀನ ಗ್ರಂಥಗಳನ್ನು ಪರೀಕ್ಷಿಸುವಂತೆ ಬೈಬಲನ್ನೂ ಪರೀಕ್ಷಿಸಬೇಕೆಂಬ ವಾದವನ್ನು 1670ರಲ್ಲಿ ತತ್ತ್ವಜ್ಞಾನಿ ಸ್ಪಿನೋಜ ಮುಂದಿಟ್ಟ. 1878ರಲ್ಲಿ ಹೊರಬಂದ ವೆಲ್‌ಹೌಸನ್ನನ ಕೃತಿ ಮೋಶೆಯ ಐದು ಗ್ರಂಥಗಳು ಬೇರೆ ಬೇರೆ ಕಾಲದ ಆಕರಗಳಿಂದ ಕೂಡಿಬಂದವು ಎಂಬ ವಾದಕ್ಕೆ ವ್ಯವಸ್ಥಿತ ರೂಪ ಕೊಟ್ಟಿತು. ಇದರ ಹಲವು ವಿವರಗಳನ್ನು ಮುಂದಿನ ಪಂಡಿತರು ಬದಲಿಸಿದ್ದಾರೆ. ಮತ್ತಾಯ, ಮಾರ್ಕ, ಲೂಕರಲ್ಲಿ ಮಾರ್ಕನದೇ ಮೊದಲು ಎಂಬುದು ಬಹುಮಂದಿ ಒಪ್ಪುವ ನಿಲುವು. ಹಸ್ತಪ್ರತಿಗಳ ಅಧ್ಯಯನವೂ ಬೆಳೆಯಿತು. ಮಾರ್ಕನ ಸುವಾರ್ತೆಯ ಕೊನೆಯ ಹನ್ನೆರಡು ವಾಕ್ಯಗಳೂ, ಯೋಹಾನನಲ್ಲಿ ಬರುವ ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಸ್ತ್ರೀಯ ಪ್ರಸಂಗವೂ ನಾಲ್ಕನೆಯ ಶತಮಾನದ ಸೈನೈಟಿಕಸ್ ಮತ್ತು ವ್ಯಾಟಿಕಾನಸ್ ಪ್ರತಿಗಳಲ್ಲಿ ಇಲ್ಲ. 1947ರಿಂದ ಮೃತಸಮುದ್ರದ ಬಳಿಯ ಕುಮ್ರಾನ್ ಗವಿಗಳಲ್ಲಿ ಸಿಕ್ಕ ಸುರುಳಿಗಳಲ್ಲಿ ಯೆಶಾಯನ ಗ್ರಂಥದ ಪೂರ್ಣ ಪ್ರತಿಯೊಂದಿದೆ. ಅದು ಅದುವರೆಗೆ ತಿಳಿದಿದ್ದ ಹೀಬ್ರೂ ಪ್ರತಿಗಳಿಗಿಂತ ಸುಮಾರು ಸಾವಿರ ವರ್ಷ ಹಳೆಯದು.

ನಮ್ಮ ಸಾಮತಿಯ ಓದನ್ನೂ ಈ ವಿಮರ್ಶೆ ಬದಲಿಸಿತು. ಜರ್ಮನಿಯ ಯೂಲಿಖರ್ 19ನೆಯ ಶತಮಾನದ ಕೊನೆಗೆ, ಸಾಮತಿಗಳು ಒಗಟುಗಳಲ್ಲ, ಒಂದೊಂದೂ ಒಂದೇ ಮುಖ್ಯ ಮಾತನ್ನು ಹೇಳುತ್ತದೆ ಎಂದು ವಾದಿಸಿದ. ಯೆಹೂದ್ಯರಿಗೂ ಸಮಾರ್ಯದವರಿಗೂ ಇದ್ದ ತಲೆಮಾರುಗಳ ವೈರವನ್ನು ಚರಿತ್ರಕಾರರು ವಿವರಿಸಿದ ಮೇಲೆ ಕಥೆಯ ಹರಿತ ಮರಳಿ ಬಂತು. ಕೇಳುಗರು ಹೀನಾಯವಾಗಿ ಕಾಣುತ್ತಿದ್ದ ಜನದವನೇ ಇಲ್ಲಿ ಧರ್ಮವನ್ನು ನೆರವೇರಿಸುತ್ತಾನೆ. ಸುಮಾರು ಸಾವಿರ ಮೀಟರ್ ಕೆಳಕ್ಕಿಳಿಯುವ ಆ ನಿರ್ಜನ ದಾರಿಯಲ್ಲಿ ನಿಲ್ಲುವುದೇ ಅಪಾಯ. 1968ರ ಏಪ್ರಿಲ್ 3ರಂದು ಮೆಂಫಿಸ್ ನಗರದಲ್ಲಿ ಪೌರಕಾರ್ಮಿಕರ ಮುಷ್ಕರದ ಪರವಾಗಿ ಮಾತನಾಡುತ್ತ ಮಾರ್ಟಿನ್ ಲೂಥರ್ ಕಿಂಗ್ ಇದೇ ದಾರಿಯನ್ನು ನೆನೆದರು. ನಿಂತರೆ ನನಗೇನಾದೀತು ಎಂಬುದು ಯಾಜಕನ ಪ್ರಶ್ನೆ. ನಿಲ್ಲದಿದ್ದರೆ ಇವನಿಗೇನಾದೀತು ಎಂಬುದು ಸಮಾರ್ಯದವನ ಪ್ರಶ್ನೆ ಎಂದು ಅವರು ಬಿಡಿಸಿದರು. ಮರುದಿನವೇ ಅವರ ಹತ್ಯೆಯಾಯಿತು.

ಹೊಸ ವಿಮರ್ಶೆಗೆ ಸಭೆಗಳ ಪ್ರತಿಕ್ರಿಯೆ ಒಂದೇ ತೆರನಾಗಿರಲಿಲ್ಲ. ಅಮೆರಿಕದ ಮೂಲತತ್ತ್ವವಾದಿಗಳು ಗ್ರಂಥದಲ್ಲಿ ತಪ್ಪಿಲ್ಲ ಎಂಬ ನಿಲುವನ್ನು ಬಿಗಿಮಾಡಿದರು. 1978ರ ಶಿಕಾಗೊ ಹೇಳಿಕೆ ಇವ್ಯಾಂಜೆಲಿಕಲ್ ಪಂಡಿತರು ಆ ನಿಲುವಿಗೆ ಕೊಟ್ಟ ರೂಪ. ಸ್ವಿಟ್ಜರ್ಲೆಂಡಿನ ಕಾರ್ಲ್ ಬಾರ್ತ್ ವಿಮರ್ಶೆಯನ್ನು ಒಪ್ಪಿಯೂ, ಅದು ಹೊಸಿಲಲ್ಲೇ ನಿಂತುಬಿಡುತ್ತದೆ, ಗ್ರಂಥದ ಮೂಲಕ ಮಾತನಾಡುವ ದೇವರನ್ನು ಕೇಳಿಸಿಕೊಳ್ಳುವುದಿಲ್ಲ ಎಂದು ಆಕ್ಷೇಪಿಸಿದ. ಕ್ಯಾಥೊಲಿಕ್ ಸಭೆಯಲ್ಲಿ ಪೋಪ್ 12ನೆಯ ಪಿಯೂಸ್ 1943ರಲ್ಲಿ ಸಾಹಿತ್ಯಪ್ರಕಾರಗಳ ಅಧ್ಯಯನಕ್ಕೆ ಬಾಗಿಲು ತೆರೆದರು. ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ಹೊರಡಿಸಿದ ದೈವಪ್ರಕಟಣೆಯ ದಸ್ತಾವೇಜು, ಸಭೆಯ ಬೋಧನಾಧಿಕಾರ ದೇವರ ವಾಕ್ಯದ ಮೇಲಿನದಲ್ಲ, ಅದರ ಸೇವೆಯಲ್ಲಿರುವಂಥದ್ದು ಎಂದು ಸ್ಪಷ್ಟಪಡಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ಮಹಾಸಭೆ ಯೇಸುವಿನ ಮರಣದ ಹೊಣೆಯನ್ನು ಯೆಹೂದ್ಯ ಜನಾಂಗದ ಮೇಲೆ ಹೊರಿಸುವ ಓದನ್ನು ತಿರಸ್ಕರಿಸಿತು. ಆ ಓದಿನಿಂದ ಯೂರೋಪಿನ ಯೆಹೂದ್ಯರು ಶತಮಾನಗಳ ಕಾಲ ಹಿಂಸೆ ಅನುಭವಿಸಿದ್ದರು.

ಕೆಳಗಿನಿಂದ ಓದಿದವರು

ಗ್ರಂಥ ಯಾರ ಕೈಯಲ್ಲಿದೆ ಎಂಬುದು ಅರ್ಥವನ್ನು ಎಷ್ಟು ಬದಲಿಸುತ್ತದೆ ಎಂಬುದಕ್ಕೆ 1807ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಒಂದು ಪುಸ್ತಕವನ್ನು ನೋಡಬೇಕು. ವೆಸ್ಟ್ ಇಂಡೀಸ್ ದ್ವೀಪಗಳ ಗುಲಾಮರಿಗಾಗಿ ಬೈಬಲಿನ ಆಯ್ದ ಭಾಗಗಳನ್ನು ಸೇರಿಸಿದ ಆ ಪುಸ್ತಕದಲ್ಲಿ ಹಳೆಯ ಒಡಂಬಡಿಕೆಯ ಬಹುಭಾಗವೇ ಇಲ್ಲ. ಇಸ್ರಾಯೇಲರನ್ನು ಐಗುಪ್ತದ ದಾಸತ್ವದಿಂದ ಬಿಡಿಸಿ ತಂದ ಕಥೆಯನ್ನು ಕತ್ತರಿಸಲಾಗಿದೆ. ದಾಸರು ಯಜಮಾನರಿಗೆ ವಿಧೇಯರಾಗಿರಬೇಕೆಂಬ ಎಫೆಸದವರ ಪತ್ರದ ಮಾತನ್ನು ಉಳಿಸಲಾಗಿದೆ. ಇದು ವ್ಯಾಖ್ಯಾನದ ಹೆಸರಿನಲ್ಲಿ ನಡೆದ ಅನ್ಯಾಯ, ಬೇರೆ ಮಾತಿನಿಂದ ಇದನ್ನು ಕರೆಯಲಾಗದು. ಆದರೂ ಅಮೆರಿಕದ ಗುಲಾಮರು ಕೇಳಿ ಕಲಿತ ಹಾಡುಗಳಲ್ಲಿ ಮೋಶೆಯೂ ಕೆಂಪು ಸಮುದ್ರವೂ ಉಳಿದವು. ಯಜಮಾನರು ಮುಚ್ಚಿಟ್ಟ ಅಧ್ಯಾಯವನ್ನು ಅವರು ಬಾಯಿಪಾಠವಾಗಿ ಕಾಪಾಡಿಕೊಂಡರು.

ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ಸಂಸ್ಕೃತ ಶಾಸ್ತ್ರಗಳನ್ನು ಅರೆದು ಕುಡಿದವರು. ಇಂಗ್ಲೆಂಡಿನಲ್ಲಿ ಸಮಾಜ ದೂರವಿಟ್ಟ ಹೆಣ್ಣುಮಕ್ಕಳಿಗೆ ಆಶ್ರಯ ಕೊಟ್ಟ ಕ್ರೈಸ್ತ ಸನ್ಯಾಸಿನಿಯರ ಕೆಲಸವನ್ನು ಕಂಡು, ಯೋಹಾನನ ಸುವಾರ್ತೆಯ 4ನೆಯ ಅಧ್ಯಾಯದ ಸಮಾರ್ಯದ ಸ್ತ್ರೀಯ ಪ್ರಸಂಗವನ್ನು ಕೇಳಿದ್ದು ತಮ್ಮ ಮನಸ್ಸನ್ನು ತಿರುಗಿಸಿತೆಂದು ಅವರು ಬರೆದುಕೊಂಡಿದ್ದಾರೆ. ಮುಂದೆ ಹೀಬ್ರೂ ಮತ್ತು ಗ್ರೀಕ್ ಕಲಿತು, ಸಾಮಾನ್ಯ ಹೆಂಗಸರಿಗೂ ತಿಳಿಯುವ ಮರಾಠಿಯಲ್ಲಿ ಬೈಬಲನ್ನು ಅನುವಾದಿಸಿದರು. 1922ರಲ್ಲಿ ತೀರಿಕೊಳ್ಳುವವರೆಗೂ ಅವರ ಬಾಳಿನ ಕೊನೆಯ ಕೆಲಸ ಇದೇ ಆಗಿತ್ತು.

1981ರಲ್ಲಿ ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಅರವಿಂದ ಪಿ. ನಿರ್ಮಲ್ ಮಾಡಿದ ಉಪನ್ಯಾಸ ದಲಿತ ದೈವಶಾಸ್ತ್ರದ ಆರಂಭವೆಂದು ಪರಿಗಣಿತವಾಗಿದೆ. ಭಾರತದ ಕ್ರೈಸ್ತರಲ್ಲಿ ಬಹುಪಾಲು ಜನ ದಲಿತ ಮೂಲದವರಾಗಿದ್ದರೂ ಭಾರತೀಯ ದೈವಶಾಸ್ತ್ರ ಮೇಲ್ಜಾತಿಯ ತತ್ತ್ವಚಿಂತನೆಯ ಭಾಷೆಯಲ್ಲೇ ಮಾತನಾಡುತ್ತ ಬಂದಿದೆ ಎಂಬುದು ಅವರ ಆಕ್ಷೇಪ. ಧರ್ಮೋಪದೇಶಕಾಂಡದ 26ನೆಯ ಅಧ್ಯಾಯದಲ್ಲಿ ಇಸ್ರಾಯೇಲರು ಅಲೆಮಾರಿ ಪೂರ್ವಜನನ್ನೂ ತಾವು ಪಟ್ಟ ದಬ್ಬಾಳಿಕೆಯನ್ನೂ ನೆನೆಯುವ ನಿವೇದನೆಯನ್ನು ಅವರು ದಲಿತರ ಚರಿತ್ರೆಯಾಗಿ ಓದಿದರು. ಯೆಶಾಯನ ನೊಂದ ಸೇವಕನಲ್ಲಿ ದಲಿತನಾದ ದೇವರನ್ನು ಕಂಡರು. ಈ ಓದುಗರಿಗೆ ಸಮಾರ್ಯದವನ ಕಥೆ ದಾನಧರ್ಮದ ಪಾಠವಾಗಿ ನಿಲ್ಲುವುದಿಲ್ಲ. ಮುಟ್ಟಬಾರದವನೆಂದು ದೂರವಿಟ್ಟವನ ಕೈಯಿಂದಲೇ ಜೀವ ಉಳಿಯುವ ಕಥೆಯಾಗುತ್ತದೆ. ಲ್ಯಾಟಿನ್ ಅಮೆರಿಕದ ಗುಸ್ತಾವೊ ಗುಟಿರೆಜ್ ಬಡವರ ಕಡೆಯಿಂದ, ಎಲಿಸಬೆತ್ ಷ್ಯೂಸ್ಲರ್ ಫಿಯೊರೆಂಜ ಮತ್ತು ಫಿಲಿಸ್ ಟ್ರಿಬಲ್ ಹೆಣ್ಣುಮಕ್ಕಳ ಕಡೆಯಿಂದ ಇಂಥದೇ ಓದನ್ನು ನಡೆಸಿದರು. ನ್ಯಾಯಸ್ಥಾಪಕರು ಗ್ರಂಥದ 19ನೆಯ ಅಧ್ಯಾಯದಲ್ಲಿ ಬಲಿಯಾದ ಹೆಸರಿಲ್ಲದ ಸ್ತ್ರೀಗಾಗಿ ಟ್ರಿಬಲ್ ತಮ್ಮ 1984ರ ಪುಸ್ತಕದಲ್ಲಿ ಶೋಕಿಸಿದ್ದಾರೆ. ಅಂಥ ಅಧ್ಯಾಯಗಳಿಗೆ ಸಮಜಾಯಿಷಿ ಹುಡುಕುವುದಕ್ಕಿಂತ ಹೀಗೆ ಶೋಕಿಸುವುದೇ ಹೆಚ್ಚು ಪ್ರಾಮಾಣಿಕ.

ಓದುವ ದಾರಿ

ಇಷ್ಟು ಪರಂಪರೆಯಿಂದ ವಿಶ್ವಾಸಿಯೊಬ್ಬ ಏನನ್ನು ತೆಗೆದುಕೊಳ್ಳಬಹುದು? ಮೊದಲನೆಯದು, ವಾಕ್ಯವನ್ನು ಅದರ ಗ್ರಂಥದೊಳಗಿಟ್ಟು ಓದುವುದು. ಇಂದಿನ ಅಧ್ಯಾಯ ವಿಭಜನೆ 13ನೆಯ ಶತಮಾನದ್ದು. ಹೊಸ ಒಡಂಬಡಿಕೆಗೆ ಈಗಿರುವ ವಾಕ್ಯಸಂಖ್ಯೆಗಳನ್ನು ಪ್ಯಾರಿಸ್ಸಿನ ಮುದ್ರಕ ರೊಬೇರ್ ಎಸ್ತಿಯೆನ್ 1551ರಲ್ಲಿ ಹಾಕಿದ. ಸಂಖ್ಯೆಗಳು ಹುಡುಕಲು ಅನುಕೂಲ, ಬಿಡಿಸಿ ಕೀಳಲೂ ಅನುಕೂಲ. ನಮ್ಮ ಸಭೆಗಳಲ್ಲಿ ಹೊಸ ವರ್ಷದ ಆರಾಧನೆಯಲ್ಲಿ ಹಂಚುವ ವಾಗ್ದಾನದ ಕಾರ್ಡುಗಳಲ್ಲಿ ಯೆರೆಮೀಯ 29ನೆಯ ಅಧ್ಯಾಯದ 11ನೆಯ ವಾಕ್ಯ ಸಾಮಾನ್ಯ. ದೇವರು ಜನರಿಗೆ ಒಳ್ಳೆಯ ಭವಿಷ್ಯವನ್ನು ಯೋಚಿಸಿದ್ದಾನೆ ಎಂಬುದು ಅದರ ಭರವಸೆ. ಆ ಅಧ್ಯಾಯವನ್ನು ಮೊದಲಿನಿಂದ ಓದಿದರೆ ಅದೊಂದು ಕಾಗದ ಎಂದು ತಿಳಿಯುತ್ತದೆ. ಬಾಬೆಲಿಗೆ ಸೆರೆಹೋದವರಿಗೆ ಯೆರೂಸಲೇಮಿನಿಂದ ಬರೆದದ್ದು. ಅಲ್ಲೇ ಮನೆ ಕಟ್ಟಿರಿ, ತೋಟ ಮಾಡಿರಿ, ನಿಮ್ಮನ್ನು ಸೆರೆಯೊಯ್ದ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ, ಬಿಡುಗಡೆ ಎಪ್ಪತ್ತು ವರ್ಷಗಳ ಮೇಲೆ ಎಂಬುದು ಅದರ ಸಾರ. ಕಾಗದ ಕೇಳಿದ ಹಿರಿಯರಲ್ಲಿ ಬಹುಮಂದಿ ಆ ದಿನವನ್ನು ನೋಡುವಂತಿರಲಿಲ್ಲ. ಈ ಹಿನ್ನೆಲೆಯಲ್ಲಿ ವಾಗ್ದಾನದ ಬಲ ಕುಂದುವುದಿಲ್ಲ, ಹೆಚ್ಚುತ್ತದೆ: ಅದು ಇಡೀ ಸಮುದಾಯಕ್ಕೆ, ದೀರ್ಘ ಸಹನೆಗೆ ಕೊಟ್ಟ ಮಾತು.

ಬರಹದ ಪ್ರಕಾರವನ್ನು ಗುರುತಿಸುವುದೂ ಅಷ್ಟೇ ಮುಖ್ಯ. ಕೀರ್ತನೆ ಪ್ರಾರ್ಥನೆ, 137ನೆಯ ಕೀರ್ತನೆಯ ಕೊನೆಯ ಕ್ರೂರ ಶಾಪ ಸೂರೆಹೋದ ಜನರ ಸಂಕಟದ ಕೂಗು, ಪಾಲಿಸಬೇಕಾದ ಆಜ್ಞೆಯಲ್ಲ. ಪ್ರಕಟನೆ ಗ್ರಂಥ ರೋಮ್ ಸಾಮ್ರಾಜ್ಯದ ಕೆಳಗಿದ್ದ ಏಷ್ಯಾ ಮೈನರಿನ ಏಳು ಸಭೆಗಳಿಗೆ ಧೈರ್ಯ ತುಂಬಲು ಬರೆದದ್ದು. ಅದನ್ನು ಮುಂದಿನ ಯುದ್ಧಗಳ ಪಂಚಾಂಗ ಮಾಡಿಕೊಂಡವರು ಪದೇ ಪದೇ ಸೋತಿದ್ದಾರೆ. ದಾನಿಯೇಲನ ದರ್ಶನದ ಅಂಕಿಗಳನ್ನು ಲೆಕ್ಕಹಾಕಿದ ಅಮೆರಿಕದ ವಿಲಿಯಂ ಮಿಲ್ಲರನ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತನ ಬರವನ್ನು ಕಾದು ಎದೆಯೊಡೆದುಕೊಂಡರು. ಸಭಾಪಾಲಕರಾಗಲಿ ಟಿ.ವಿ. ಪ್ರಸಂಗಿಗಳಾಗಲಿ ಇಂಥ ದಿನಾಂಕ ಹೇಳಿದಾಗ ವಿಶ್ವಾಸಿ ಹಿಂಜರಿಯದೆ ಪ್ರಶ್ನಿಸಬೇಕು.

ಕನ್ನಡಿಗರಿಗೆ ಬೈಬಲ್ ಪೂರ್ಣವಾಗಿ ದೊರೆತದ್ದು 1830ರ ದಶಕದ ಆರಂಭದಲ್ಲಿ, ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಮತ್ತು ಅವರೊಡನೆ ದುಡಿದ ಕನ್ನಡ ಪಂಡಿತರ ಶ್ರಮದಿಂದ. ಬಾಸೆಲ್ ಮಿಷನ್ನಿನವರು ಮುಂದೆ ಅದನ್ನು ಪರಿಷ್ಕರಿಸಿದರು. ಇಂದು ಪ್ರಾಟೆಸ್ಟೆಂಟ್, ಕ್ಯಾಥೊಲಿಕ್ ಆವೃತ್ತಿಗಳು ಫೋನಿನಲ್ಲೇ ಸಿಗುತ್ತವೆ. ಮೊದಲ ಸಲ ಓದುವವರು ಆದಿಕಾಂಡದಿಂದ ಹೊರಟು ಯಾಜಕಕಾಂಡದಲ್ಲಿ ಸೋತು ಕೂರುವ ಬದಲು, ಹದಿನಾರೇ ಅಧ್ಯಾಯಗಳ ಮಾರ್ಕನ ಸುವಾರ್ತೆಯನ್ನು ಒಂದೇ ಬಾರಿಗೆ ಕುಳಿತು ಕೊನೆಯವರೆಗೆ ಓದಲಿ. ಬಳಿಕ ಅದನ್ನೇ ಇನ್ನೊಬ್ಬರ ಜೊತೆ, ಸಾಧ್ಯವಾದರೆ ತಮಗಿಂತ ಬೇರೆ ಸ್ಥಿತಿಯಲ್ಲಿ ಬದುಕುವವರ ಜೊತೆ ಕುಳಿತು, ಗಟ್ಟಿಯಾಗಿ ಓದಲಿ.